ಲ್ಯಾಪ್‌ಟಾಪಿಗೆ ಜಾಗ ಸಿಗದ ಸೋಮವಾರ

ಮೊಮ್ಮಕ್ಕಳೇ, ನಮ್ಮ ಗಂಗಾವತಿಯ ಮನೆಗೆ ವೈಫೈ ಬಂದ ದಿನ ನನ್ನ ಹಿರಿಯ ಮಗ ಅದರ ಡಬ್ಬಿಗೆ ಕುಂಕುಮ ಹಚ್ಚಿದ, ನಿಂಬೆಹಣ್ಣು ಕಟ್ಟಿದ, ಕಾಯಿ ಒಡೆಯಲು ಮುಂದಾದ. ಕಾಯಿಯ ನೀರು ಸಿಡಿಯಬಾರದೆಂದು, ವೈಫೈ ಜೋಡಿಸಲು ಬಂದ ಲೈನಿನವನು ಡಬ್ಬಿಯನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ಗೋಡೆಯ ಕಡೆ ತಿರುಗಿ ನಿಂತ. ಟ್ರ್ಯಾಕ್ಟರ್ ಬಂದಾಗ ಮಾಡಿದ ಪೂಜೆಯನ್ನೇ ಇದಕ್ಕೂ ಮಾಡಿದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದೊಂದೇ ಬಾಕಿ. ಚಕ್ರ ಇರಲಿಲ್ಲ, ಬಿಟ್ಟೆವು.

ಪೂಜೆ ಮುಗಿದ ಮೇಲೆ ಹಿರಿಯ ಮಗ ಲೈನಿನವನಿಗೆ ಹೇಳಿದ: "ನೋಡಪಾ, ಇದು ಬಂದೈತಿ ಅಂತ ಗೊತ್ತಾದ್ರ ಓಣಿ ಮಂದಿಯೆಲ್ಲಾ ಬಂದು ಹತ್ಕೊಂತಾರ. ಎಷ್ಟು ಬೇಕೋ ಅಷ್ಟಕ್ಕ ಕಟ್ಟು ಹಾಕಿಬಿಡು."

"ಹದಿನಾರು ಸಾಕ್ರಿ?" ಎಂದ ಲೈನಿನವನು.

"ಹದಿನಾರು ಭಾಳ ಆತು. ಇರ್ಲಿ ಬಿಡು."

ನಾನು ಚಹಾದ ತಾಟು ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ, ಎಲ್ಲವೂ ಕೇಳಿಸಿತು. ಹದಿನಾರು ಏನು ಎಂಬುದು ತಿಳಿಯಲಿಲ್ಲ, ಕೇಳಲೂ ಇಲ್ಲ. ಗಂಡಸರು ಕೂತಲ್ಲಿಗೆ ಹೋಗಿ ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ತವರೂರು ಮರಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಆ ಏಳು ವರ್ಷದಲ್ಲಿ ಮಾಸ್ತರರ ಕಿವಿಗೆ ನನ್ನ ದನಿ ಬಿದ್ದದ್ದು ಹಾಜರಿ ಕೂಗಿದಾಗ ಮಾತ್ರ.

ಪಾಸ್‌ವರ್ಡ್ ಬರೆದ ಚೀಟಿಯನ್ನು ಎಲ್ಲಿ ಇಡಬೇಕೆಂದು ಹಿರಿಯ ಮಗ ಸುಮಾರು ಹೊತ್ತು ವಿಚಾರ ಮಾಡಿದ. ತಿಜೋರಿ ಎಂದ, ದೇವರ ಜಗಲಿ ಎಂದ. ಕಡೆಗೆ ನಾನು ಮಲಗುವ ಉಗ್ರಾಣದ ಖೋಲಿಯ ಬಾಗಿಲ ಒಳಮೈಗೆ ಅಂಟಿಸಿದ. "ಅವ್ವನ ಖೋಲಿಗೆ ಯಾರೂ ಹೋಗಂಗಿಲ್ಲ, ಅವ್ವ ಯಾರ ಕೂಡನೂ ಮಾತಾಡಂಗಿಲ್ಲ. ಇದಕ್ಕಿಂತ ಭದ್ರ ಜಾಗ ಇನ್ನೆಲ್ಲೈತಿ?" ಎಂದು ನನ್ನೆದುರಿಗೇ ತನ್ನ ಹೆಂಡತಿಗೆ ಹೇಳಿದ. ನನಗೆ ಸಿಟ್ಟು ಬರಲಿಲ್ಲ. ಮಾತು ಖರೆಯೇ ಇತ್ತು.

ಮುಂದೆ ಕಿರಿಯ ಸೊಸೆಯ ಕುಬಸ, ಅಂದರೆ ಸೀಮಂತ ಬಂತು. ಆಗ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಅವಳ ಹೊಟ್ಟೆಯಲ್ಲಿ ಏಳು ತಿಂಗಳಿನವಳು. ಯಲಬುರ್ಗಾ ಕಡೆಯಿಂದ ಬೀಗರು ಒಂದು ಕ್ರೂಸರ್ ಗಾಡಿ ತುಂಬ ಮಂದಿ, ಇನ್ನೊಂದು ಕ್ರೂಸರ್ ತುಂಬ ಬುತ್ತಿ ತಂದರು. ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಐದು ನಮೂನೆಯ ಚಟ್ನಿಪುಡಿ.

ಗಂಡ ಸತ್ತವಳು ಕುಬಸದಲ್ಲಿ ಮುಂದೆ ಕೂರುವುದಿಲ್ಲ. ಬರಬೇಡ ಎಂದು ಯಾರೂ ಹೇಳುವುದಿಲ್ಲ, ಬಾ ಎಂದೂ ಹೇಳುವುದಿಲ್ಲ. "ಅವ್ವಗ ಮಂಡಿನೋವು, ಒಳಗ ಆರಾಮ ಕುಂದ್ರಲಿ" ಎನ್ನುತ್ತಾರೆ. ನನ್ನ ಮಂಡಿ ಮದುವೆ, ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಮಾತ್ರ ನೋಯುತ್ತದೆ. ಗದ್ದೆಗೆ ಬುತ್ತಿ ಒಯ್ಯುವ ದಿನ ಅದರ ಸುದ್ದಿಯನ್ನು ಯಾರೂ ಎತ್ತಿದ್ದಿಲ್ಲ. ಹೀಗಾಗಿ ಹೊರಗೆ ಹಾಡು ನಡೆದಿದ್ದಾಗ ನಾನು ಉಗ್ರಾಣದಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಕೂತಿದ್ದೆ.

ಮೊದಲು ಬಂದವಳು ಬೀಗತಿಯ ಸೊಸೆ. "ಅವ್ವಾರ, ಪಾಸ್‌ವರ್ಡ್ ಇಲ್ಲೇ ಐತಂತಲ್ರೀ?" ಎಂದಳು. ಯಾರು ಹೇಳಿದರೋ ಕಾಣೆ. ನಾನು ಎದ್ದು ಬಾಗಿಲು ಮುಚ್ಚಿ ಚೀಟಿ ತೋರಿಸಿದೆ. ಅವಳು ಅದನ್ನು ಫೋನಿನಲ್ಲಿ ಹೊಡೆದಳು, ಅವಳ ಮುಖ ಅರಳಿತು. "ಬಂತ್ರೀ! ನಿಮ್ಮ ಹೊಟ್ಟಿ ತಣ್ಣಗಿರ್ಲಿ!" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಓಣಿಯ ಹೆಣ್ಣುಮಕ್ಕಳು. ಕಣ್ಣು ಮಂಜಾದವರಿಗೆ ನಾನೇ ಒಂದೊಂದು ಅಕ್ಷರ ಓದಿ ಹೇಳಿದೆ. ಮನೆದೇವರ ಹೆಸರು ಇಂಗ್ಲಿಷಿನಲ್ಲಿ, ಅದರ ಮುಂದೆ ಒಂದು ಎರಡು ಮೂರು.

ಹೊರಗೆ ಹಿರಿಯ ಸೊಸೆ ಅರಿಷಿಣ ಕುಂಕುಮ ಹಂಚುತ್ತಿದ್ದಳು, ಒಳಗೆ ನಾನು ಪಾಸ್‌ವರ್ಡ್ ಹಂಚುತ್ತಿದ್ದೆ. ನನ್ನ ಸಾಲೇ ಉದ್ದ ಇತ್ತು. ನಿಮ್ಮ ಅಜ್ಜ ಹೋದ ಮೇಲೆ ಶುಭಕಾರ್ಯದ ದಿನ ನನ್ನ ಕೈಯಿಂದ ಯಾರೂ ಏನನ್ನೂ ಇಸಿದುಕೊಂಡಿರಲಿಲ್ಲ. ಅವತ್ತು ಮಧ್ಯಾಹ್ನ ನನ್ನ ಮಂಡಿ ಒಂದಿಷ್ಟೂ ನೋಯಲಿಲ್ಲ.

ಇದು ಭಾನುವಾರದ ಮಾತು. ಸೋಮವಾರ ಮೂರು ಗಂಟೆಗೆ ಕಿರಿಯ ಸೊಸೆಗೆ ಪರೀಕ್ಷೆ ಇತ್ತು. ಅವಳು ಗಣಿತ ಓದಿ ಬಿ.ಎಡ್. ಮಾಡಿದವಳು. ಖಾಸಗಿ ಶಾಲೆಯ ಕೆಲಸಕ್ಕೆ ದಿನಾ ಬಸ್ಸು ಹತ್ತುತ್ತಿದ್ದಳು, ಬಸುರಿ ಎಂದು ಗೊತ್ತಾದ ತಿಂಗಳೇ ಮನೆಯವರು ಬಿಡಿಸಿದರು. ಆಮೇಲೆ ತಾನೇ ಹುಡುಕಿ, ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಳು. ಒಂದು ತಾಸು ಲೆಕ್ಕ, ಆಮೇಲೆ ಎದುರುಬದುರು ಪ್ರಶ್ನೆ. ಮೊಬೈಲಿನಲ್ಲಿ ಆ ಪರೀಕ್ಷೆ ತೆರೆಯುವುದಿಲ್ಲ, ಲ್ಯಾಪ್‌ಟಾಪೇ ಬೇಕು. ಹೇಳಿದ ಹೊತ್ತಿಗೆ ಬರದಿದ್ದರೆ ಮತ್ತೊಮ್ಮೆ ಕರೆಯುವುದಿಲ್ಲ ಎಂದು ಅವರು ಮೊದಲೇ ಬರೆದು ತಿಳಿಸಿದ್ದರು. ಕೂಸು ಹುಟ್ಟಿದ ಮೇಲೂ ಬಿಡಬೇಕಾಗದ ಕೆಲಸ ಇದೊಂದೇ ಎಂದು ಅವಳು ನನಗೆ ಜೋಳ ಹಸನು ಮಾಡುವಾಗ ಹೇಳಿದ್ದಳು. ಆ ಪರೀಕ್ಷೆ ಮುಗಿಸಿಯೇ ಮಗಳನ್ನು ಬಾಣಂತನಕ್ಕೆ ಕರೆದೊಯ್ಯಬೇಕೆಂದು ಬೀಗರ ಮಂದಿಯೆಲ್ಲ ನಮ್ಮಲ್ಲೇ ಉಳಿದಿದ್ದರು.

ಶನಿವಾರ ನೋಡಿದಾಗ ಲ್ಯಾಪ್‌ಟಾಪ್ ಛಲೋ ನಡೆದಿತ್ತು. ಆಮೇಲೆ ಕುಬಸದ ಗದ್ದಲಕ್ಕೆ ಹೆದರಿ ಅದನ್ನು ಬಂದ್ ಮಾಡಿ ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಸೋಮವಾರ ಹನ್ನೆರಡು ಗಂಟೆಗೆ ತೆಗೆದರೆ ನೆಟ್ಟು ಹತ್ತಲಿಲ್ಲ.

"ವೈಫೈ ಕಾಣಸ್ತದ, ಪಾಸ್‌ವರ್ಡೂ ತಗೊಂತದ. ಆದರ ಅಡ್ರೆಸ್ ಸಿಗವಲ್ದು ಅಂತ ತೋರಸ್ತದರೀ ಭಾವಾರ" ಎಂದಳು.

ಹಿರಿಯ ಮಗ, ಅಂದರೆ ನಿಮ್ಮ ದೊಡ್ಡಪ್ಪ, ಬಂದು ಬಗ್ಗಿ ನೋಡಿದ. ಅವನಿಗೆ ಗೊಬ್ಬರದ ಅಂಗಡಿ ಇದೆ, ಲ್ಯಾಪ್‌ಟಾಪ್ ಇಲ್ಲ. ಆದರೆ ಮನೆಯ ಹಿರಿಯನಾದವನು ನೋಡಬೇಕು. ನೋಡಿ, "ಸೀರಿ ಕೆಳಗ ಇಟ್ಟೀದಿ. ಕಾದೈತಿ. ಫ್ಯಾನ್ ಕೆಳಗ ಇಡು" ಎಂದ. ಅರ್ಧ ತಾಸು ಫ್ಯಾನಿನ ಕೆಳಗೆ ಇಟ್ಟೆವು. ಲ್ಯಾಪ್‌ಟಾಪು ತಣ್ಣಗಾಯಿತು, ಮನೆಯವರು ಬಿಸಿಯಾದರು.

ಎದುರು ಮನೆಯ ನಿವೃತ್ತ ಹೆಡ್ಮಾಸ್ತರರು ಕರೆಯದೆಯೇ ಬಂದರು. ಡಬ್ಬಿ ಬಂದ್ ಮಾಡಿ ಚಾಲೂ ಮಾಡಬೇಕೆಂದರು. ಮಾಡಿದೆವು. ಲ್ಯಾಪ್‌ಟಾಪು ಮತ್ತೆ ಅದನ್ನೇ ಹೇಳಿತು. ಹತ್ತು ಎಣಿಸಿ ಚಾಲೂ ಮಾಡಬೇಕಿತ್ತು ಎಂದರು. ಹತ್ತು ಎಣಿಸಿದೆವು. ನೂರು ಎಣಿಸಿದರೆ ಇನ್ನೂ ಛಲೋ ಎಂದರು. ನೂರನ್ನು ಅವರೇ ಎಣಿಸಿದರು, ಸಾಲೆಯಲ್ಲಿ ಮಗ್ಗಿ ಹೇಳಿಸುವ ರಾಗದಲ್ಲಿ. ಒಂದು ವಿಷಯ ಯಾರೂ ಗಮನಿಸಲಿಲ್ಲ. ಪ್ರತಿ ಸಲ ಡಬ್ಬಿ ಬಂದ್ ಆದಾಗ ಪಡಸಾಲೆಯಿಂದ, ಮಾಳಿಗೆಯಿಂದ, ಗೋಡೆಯಾಚೆಯಿಂದ "ಏ, ಹೋತು!" ಎಂಬ ದನಿ ಬರುತ್ತಿತ್ತು. ಚಾಲೂ ಆದಾಗ "ಹಾಂ, ಬಂತು!" ಎಂಬ ದನಿ. ನಮ್ಮ ಮನೆಯಲ್ಲಿ ಕಾಯಂ ಇರುವವರು ಐದೇ ಮಂದಿ.

ಆಮೇಲೆ ವಾಸ್ತು ಬಂತು. ಡಬ್ಬಿ ನೈರುತ್ಯದಲ್ಲಿದೆ, ಈಶಾನ್ಯಕ್ಕೆ ತರಬೇಕು ಎಂದು ಬೀಗರ ಕಡೆಯ ಹಿರಿಯರೊಬ್ಬರು ಹೇಳಿದರು. ಈಶಾನ್ಯದಲ್ಲಿ ದೇವರ ಜಗಲಿ. ಡಬ್ಬಿಯನ್ನು ತಂತಿಸಮೇತ ಎತ್ತಿ ತಂದು ದೇವರ ಪಕ್ಕ ಕೂರಿಸಿದರು. ಹಸಿರು ದೀಪ ಮಿಣಮಿಣ ಎನ್ನುತ್ತಿದ್ದದ್ದು ನೋಡಿ ಬೀಗತಿ ತಿಳಿಯದೆ ಕೈ ಮುಗಿದುಬಿಟ್ಟರು. ಆದರೂ ಲ್ಯಾಪ್‌ಟಾಪಿಗೆ ಅಡ್ರೆಸ್ ಸಿಗಲಿಲ್ಲ.

ಫೋನಿನ ನೆಟ್ಟು ಹಚ್ಚಿ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಓಣಿಯಲ್ಲಿ ಟವರಿನ ಸಿಗ್ನಲ್ ಅಂಗಳದಲ್ಲಿ ಮಾತು ಕೇಳಿಸುವಷ್ಟು ಸಿಗುತ್ತದೆ. ಚಿತ್ರ ಬರಬೇಕಾದರೆ ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ನಿಲ್ಲಬೇಕು. ಅದು ಬೇಸಿಗೆ. ಏಳು ತಿಂಗಳ ಬಸುರಿಯನ್ನು ಗಂಗಾವತಿಯ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ತಾಸು ಟಾಕಿಯ ಪಕ್ಕ ಕೂರಿಸಬೇಕೆಂದು ಹೇಳಿದವರೂ ಇದ್ದರು. ಕೊಡೆ ಹಿಡಿಯಲು ಇಬ್ಬರು ಗಂಡಸರು ತಯಾರೂ ಆದರು. ಅವಳು ಮೆಟ್ಟಿಲು ಹತ್ತಲು ಎದ್ದೂ ನಿಂತಳು. ಅವಳ ಅವ್ವ ಕೈ ಹಿಡಿದು ಕೂರಿಸಿದರು.

ಎರಡು ಗಂಟೆಗೆ ಹಿರಿಯ ಮಗ ಲೈನಿನವನಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ, ತಾನು ಹೇಗೆ ಬೈಯುತ್ತೇನೆ ಎಂಬುದು ಬೀಗರಿಗೆ ತಿಳಿಯಬೇಕಲ್ಲ. ಬೈದು ಮುಗಿದ ಮೇಲೆ ಲೈನಿನವನು ಹೇಳಿದ:

"ಸಾಹೇಬ್ರ, ನಾನು ಕನಕಗಿರ್ಯಾಗ ಕಂಬದ ಮ್ಯಾಲ ಅದೀನ್ರೀ. ಬರೋದು ಸಂಜಿ ಆಗ್ತೈತಿ. ಇಲ್ಲಿಂದನ ಫೋನಿನ್ಯಾಗ ನೋಡಿದೆ, ನಿಮ್ಮ ಡಬ್ಬಿ ಭರ್ತಿ ಆಗೇತಿ."

"ಭರ್ತಿ ಅಂದ್ರ? ನೀರೇನ ಅದು?"

"ಹಂಗಲ್ರೀ. ಒಂದೊಂದು ಫೋನು ಬಂದು ಹತ್ಕೊಂಡಾಗೂ ಡಬ್ಬಿ ಅದಕ್ಕೊಂದು ನಂಬರ್ ಕೊಡತೈತಿ. ಅದಕ್ಕ ಅಡ್ರೆಸ್ ಅಂತಾರ. ಹದಿನಾರು ಅದಾವು, ಹದಿನಾರೂ ಹೋಗ್ಯಾವು. ಹದಿನೇಳನೇದು ಬಂದ್ರ ಎಲ್ಲಿಂದ ಕೊಡಬೇಕ್ರಿ? ಬಸ್ಸಿನ್ಯಾಗ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿಯಂಗಿಲ್ಲೇನ್ರಿ? ಮಂದಿ ಕೆಳಗ ಚಹಾ ಕುಡಿಯಾಕ ಹತ್ತಿರತಾರ, ಸೀಟ್ ಮಾತ್ರ ಅವರದ. ಹಂಗ ಆಗೇತಿ."

"ಹದಿನಾರ ಯಾಕ? ಜಾಸ್ತಿ ಮಾಡು!"

"ಇಲ್ಲಿಂದ ನೋಡಾಕ ಅಷ್ಟ ಬರತೈತ್ರಿ, ಸೆಟ್ಟಿಂಗ್ ಮಾಡಾಕ ನಾನ ಬಂದು ಕುಂದ್ರಬೇಕ್ರಿ. ಹದಿನಾರಕ್ಕ ಕಟ್ಟು ಹಾಕು ಅಂದವ್ರು ನೀವ ಅಲ್ರೀ?"

ನಿಮ್ಮ ದೊಡ್ಡಪ್ಪ ತಟಕ್ಕನೆ ಸ್ಪೀಕರ್ ಬಂದ್ ಮಾಡಿದ. ಆಮೇಲೆ ಏನು ಮಾತಾಡಿದನೋ ಗೊತ್ತಿಲ್ಲ. ಫೋನು ಇಟ್ಟು ಎಲ್ಲರ ಕಡೆ ತಿರುಗಿದಾಗ ಅವನ ಮುಖ ಅಂಗಡಿಯಲ್ಲಿ ಚೀಲ ಕಡಿಮೆ ಬಿದ್ದ ದಿನದ ಮುಖದಂತಿತ್ತು.

"ನಾವು ಐದು ಮಂದಿ. ಹದಿನಾರು ಎಲ್ಲಿಂದ ಬಂದ್ವು? ಯಾರೋ ಪಾಸ್‌ವರ್ಡ್ ಕದ್ದಾರ."

"ಯಾರು ಕದ್ದಾರ?" ಎಂದರು ಬೀಗತಿ.

"ನಾನು ಯಾರ ಹೆಸರೂ ಹೇಳಿಲ್ರಿ. ಮನ್ಯಾಗ ಹೊಸಾ ಮಂದಿ ಬಂದ ಮ್ಯಾಲೆ ಹಿಂಗ ಆಗೇತಿ ಅಂತ ಅಂದೆ."

ಪಡಸಾಲೆಯಲ್ಲಿ ಫೋನು ಒತ್ತುತ್ತಿದ್ದ ಬೀಗರ ಕಡೆಯವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಮುಂಜಾನೆಯಿಂದ ಅವರ ಮುಖ ನಾನು ಪೂರ್ತಿ ನೋಡಿದ್ದು ಆಗಲೇ.

ಬೀಗತಿ ಎದ್ದು ನಿಂತರು. "ಬುತ್ತಿ ಕಟ್ಕೊಂಡು ಮಗಳ ಕುಬಸಕ್ಕ ಬಂದೇವ್ರಿ, ನಿಮ್ಮ ವೈಫೈ ಕಳುವು ಮಾಡಾಕ ಬಂದಿಲ್ಲ. ಎರಡು ನಮೂನಿ ಹೋಳಿಗಿ ತಂದೇವಿ. ಅದನ್ನ ಉಂಡು ಹಿಂಗ ಅಂತೀರೇನು? ಏಳ ಮಗಳ, ಗಾಡಿ ಹತ್ತು. ಪರೀಕ್ಷಾ ಇಲ್ಲ, ಗಿರೀಕ್ಷಾ ಇಲ್ಲ."

"ಹೋಳಿಗಿ ವಿಷಯ ಈಗ್ಯಾಕ್ರಿ?"

"ಯಾಕಂದ್ರ ನೀವು ಎಂಟು ತಿಂದೀರಿ!"

ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತು. ಕಿರಿಯ ಸೊಸೆ ಲ್ಯಾಪ್‌ಟಾಪನ್ನು ಹೊಟ್ಟೆಗೆ ತಾಗಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ. ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಅವಳ ಗಂಡ, ನನ್ನ ಕಿರಿಯ ಮಗ, ಕಚೇರಿಯ ಕೆಲಸದ ಮೇಲೆ ಕುಷ್ಟಗಿಗೆ ಹೋಗಿದ್ದ. ಅವಳ ಪರವಾಗಿ ಮಾತಾಡುವವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಇದ್ದವರೆಲ್ಲ ಹೋಳಿಗೆಯ ಪರವಾಗಿ ಮಾತಾಡುತ್ತಿದ್ದರು.

ನಾನು ಉಗ್ರಾಣದ ಬಾಗಿಲ ಹಿಂದೆ ನಿಂತಿದ್ದೆ. ಕಾರಣ ನನಗೊಬ್ಬಳಿಗೇ ಗೊತ್ತು, ಆದರೆ ನನ್ನನ್ನು ಯಾರೂ ಕೇಳುತ್ತಿಲ್ಲ. ನನ್ನನ್ನು ಕೇಳಬೇಕೆಂಬ ವಿಚಾರವೇ ಅಲ್ಲಿ ಯಾರಿಗೂ ಬರಲಿಲ್ಲ. ಸುಮ್ಮನಿದ್ದರೆ ನಡೆದೀತು ಎಂದು ಮೊದಲು ಅನಿಸಿದ್ದೂ ಖರೆ. ನಿಮ್ಮೆದುರಿಗೆ ಯಾಕೆ ಸುಳ್ಳು? ಗಾಡಿ ಹತ್ತಿ ಅವರು ಹೋಗಿಬಿಡುತ್ತಾರೆ, ಕಳುವಿನ ಮಾತು ಅವರ ತಲೆಯ ಮೇಲೆ ಹೋಗುತ್ತದೆ, ನನ್ನ ಖೋಲಿ ಭದ್ರ ಜಾಗವಾಗಿಯೇ ಉಳಿಯುತ್ತದೆ. ಆದರೆ ಅವಳು ಆ ಗುಂಡಿ ಒತ್ತುವುದನ್ನು ನಿಲ್ಲಿಸಲೇ ಇಲ್ಲ.

"ನಾನ ಕೊಟ್ಟೀನಿ" ಎಂದೆ.

ಯಾರಿಗೂ ಕೇಳಲಿಲ್ಲ. ನನ್ನ ದನಿ ಹಾಗೆಯೇ ಇದೆ. ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಬೀಗರ ಗಂಡಸರು, ಹೆಡ್ಮಾಸ್ತರರು, ಎಲ್ಲರೂ ಕೂತಿದ್ದ ಪಡಸಾಲೆಯ ನಟ್ಟನಡುವೆ ನಿಂತು ಇನ್ನೊಮ್ಮೆ ಹೇಳಿದೆ. "ಯಾರೂ ಕದ್ದಿಲ್ಲ. ಪಾಸ್‌ವರ್ಡ್ ನಾನ ಹಂಚೀನಿ. ಕೇಳಿದವರಿಗೆಲ್ಲಾ ಕೊಟ್ಟೀನಿ."

ಹಿರಿಯ ಮಗ ನನ್ನ ಕಡೆ ತಿರುಗಿದ. "ಅವ್ವಾ? ನೀನು? ಎಷ್ಟು ಮಂದಿಗೆ?"

"ಎಣಿಸಿಲ್ಲಪಾ. ಎಣಿಸಿ ಹಂಚಬೇಕು ಅಂತ ಗೊತ್ತಿರಲಿಲ್ಲ."

ಬೀಗತಿ ಗೆದ್ದವರಂತೆ ಮುಖ ಮಾಡಿದರು. ಆದರೆ ತಮ್ಮ ಕೈಯಲ್ಲಿದ್ದ ಫೋನನ್ನು ಅವರು ಮೆಲ್ಲಗೆ ಸೆರಗಿನ ಕೆಳಗೆ ಸರಿಸಿದ್ದನ್ನು ನಾನು ನೋಡಿದೆ. ಹೆಡ್ಮಾಸ್ತರರು ಗಂಟಲು ಸರಿಮಾಡಿಕೊಂಡು, "ಇದು ಸಾಮಾಜಿಕ ಶಿಸ್ತಿನ ಪ್ರಶ್ನೆ..." ಎಂದು ಶುರು ಮಾಡಿದರು. ಅವರ ಹೆಂಡತಿ ಭಾನುವಾರ ನನ್ನ ಸಾಲಿನಲ್ಲಿ ಆರನೆಯವರು. ಪಾಸ್‌ವರ್ಡ್ ತಮಗೊಂದು, "ನಮ್ಮ ಮಾಸ್ತರಿಗೂ ಒಂದು" ಎಂದು ಎರಡು ಸಲ ಬರೆದುಕೊಂಡು ಹೋಗಿದ್ದರು. ನಾನು ಅದನ್ನು ಹೇಳಲಿಲ್ಲ. ಅವರ ಕಡೆ ನೋಡಿದೆ ಅಷ್ಟೇ. ಭಾಷಣ ಅಲ್ಲಿಗೆ ನಿಂತಿತು.

ಲೈನಿನವನು ಹೇಳಿದ ಬಸ್ಸಿನ ಮಾತು ನನ್ನ ತಲೆಯಲ್ಲಿ ಕೂತಿತ್ತು. ಗಂಗಾವತಿ ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸಿಗೆ ಟವೆಲ್ ಒಗೆಯುವವರನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಬಸ್ಸು ಖಾಲಿ ಮಾಡಿಸಿ ಮತ್ತೆ ತಂದು ನಿಲ್ಲಿಸಿದರೆ ಏನು ಬಂತು? ಟವೆಲಿನವರು ಬಾಗಿಲಲ್ಲೇ ನಿಂತಿರುತ್ತಾರೆ. ಮೊದಲು ಅವರನ್ನು ಸ್ಟ್ಯಾಂಡಿನಿಂದ ಆಚೆ ಕಳಿಸಬೇಕು, ಬಸುರಿಯನ್ನು ಹತ್ತಿಸಿ ಕೂರಿಸಬೇಕು. ಉಳಿದವರು ಆಮೇಲೆ.

ಕಿರಿಯ ಸೊಸೆಯನ್ನು ಕೇಳಿದೆ. "ಎಲ್ಲಾ ಫೋನೂ ಬಂದ್ ಮಾಡಿ, ಆಮ್ಯಾಲೆ ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದ್ರ ನಿಂದ ಮೊದಲು ಹತ್ತತೈತಿ ಏನ?"

ಅವಳು ಗುಂಡಿಯಿಂದ ಬೆರಳು ತೆಗೆದಳು. "ಹತ್ತಬೇಕ್ರೀ ಅತ್ತಿ. ಆದರ ಎಲ್ಲಾರವೂ ಬಂದ್ ಆಗಬೇಕು. ಯಾರು ಕೊಡ್ತಾರ್ರೀ?"

ನಾನು ಅಡುಗೆಮನೆಯಿಂದ ಮೊರ ತಂದೆ. ಯಾಕೆ ಮೊರವೋ ಗೊತ್ತಿಲ್ಲ, ಕೈಗೆ ಅದೇ ಸಿಕ್ಕಿತು. ಮೊದಲು ಹಿರಿಯ ಮಗನ ಮುಂದೆ ಹಿಡಿದೆ. "ಅವ್ವಾ, ಅಂಗಡಿ ಫೋನ್ ಬರ್ತಾವು" ಎಂದ. ನಾನು ಮೊರ ಕೆಳಗಿಳಿಸಲಿಲ್ಲ. ಬಂದ್ ಮಾಡಿ ಹಾಕಿದ. ಬೀಗತಿಯ ಮುಂದೆ ಹಿಡಿದು, "ನಿಮ್ಮ ಮಗಳ ಸಲುವಾಗಿ, ಬೀಗತ್ಯಾರ" ಎಂದೆ. ಸೆರಗಿನ ಕೆಳಗಿಂದ ಒಂದು ಫೋನು ಬಂತು. ಸೊಂಟದ ಚೀಲದಿಂದ ಇನ್ನೊಂದು ಬಂತು. ಅದು ಇದ್ದದ್ದು ಬೀಗರಿಗೇ ಗೊತ್ತಿರಲಿಲ್ಲ, ಅವರು ಹೆಂಡತಿಯನ್ನು ಹೊಸಬರನ್ನು ನೋಡುವಂತೆ ನೋಡಿದರು. ಪಡಸಾಲೆಯಲ್ಲಿ ಕೂತ ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು, ಮಾಳಿಗೆ ಮೆಟ್ಟಿಲಿನ ನೆರಳಲ್ಲಿ ಮಲಗಿದ್ದವರಿಂದ ನಾಲ್ಕು. ಆಮೇಲೆ ಮೊರ ಹಿಡಿದು ಓಣಿಗೆ ಇಳಿದೆ. ಈ ಓಣಿಗೆ ಸೊಸೆಯಾಗಿ ಬಂದಂದಿನಿಂದ ಸಕ್ಕರೆ ತೀರಿದರೂ ಒಬ್ಬರ ಬಾಗಿಲಿಗೆ ಹೋಗಿ ಕೇಳಿದವಳಲ್ಲ ನಾನು. ಅವತ್ತು ಮೂರು ಮನೆಯ ಕದ ಬಡಿದೆ.

"ಸೊಸಿ ಪರೀಕ್ಷಾ ಐತಿ. ನಾ ಕೊಟ್ಟದ್ದನ್ನ ಎರಡು ತಾಸು ವಾಪಸ್ ಕೊಡ್ರಿ" ಎಂದೆ.

ಒಬ್ಬಾಕಿ ನಗುತ್ತ, "ಯವ್ವಾ, ಇಷ್ಟು ದಿನ ಇವರಿಗೆ ಮಾತು ಬರತೈತಿ ಅಂತನ ನಮಗ ಗೊತ್ತಿರಲಿಲ್ಲ ನೋಡ್ರಿ!" ಎಂದು ಫೋನು ಹಾಕಿದಳು. ಹೆಡ್ಮಾಸ್ತರರ ಹೆಂಡತಿ ಎರಡು ಹಾಕಿದರು, ತಮ್ಮದೊಂದು, ಮಾಸ್ತರರದೊಂದು.

ಮೊರ ತುಂಬಿ ಮನೆಗೆ ಬಂದಾಗ ಎರಡು ನಲವತ್ತೆಂಟು. ಹಿರಿಯ ಮಗ ಜಗಲಿಯ ಮೇಲಿನ ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದ. ಈ ಸಲ ಯಾವ ಕಡೆಯಿಂದಲೂ "ಹೋತು", "ಬಂತು" ಎಂಬ ದನಿ ಬರಲಿಲ್ಲ. ದೀಪ ಕೆಂಪಾಯಿತು, ಸ್ವಲ್ಪ ಹೊತ್ತು ಬಿಟ್ಟು ಹಸಿರಾಯಿತು. ಕಿರಿಯ ಸೊಸೆ ಗುಂಡಿ ಒತ್ತಿದಳು. ಹದಿನಾರು ಮಂದಿ ಅವಳ ಬೆನ್ನ ಹಿಂದೆ ಉಸಿರು ಹಿಡಿದು ನಿಂತಿದ್ದೆವು.

"ಸಿಕ್ತರೀ" ಎಂದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಎರಡು ತಾಸು ನಮ್ಮ ಪಡಸಾಲೆಯಲ್ಲಿ ದೊಡ್ಡವರು ಸಣ್ಣವರು ಎಲ್ಲರೂ ಬರಿಗೈಯಲ್ಲಿ ಕೂತರು. ಕೈಯನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೀಗರ ಕಡೆಯ ಒಬ್ಬ ಬರಿದಾದ ಅಂಗೈಯನ್ನು ಎರಡು ಸಲ ಬೆರಳಿನಿಂದ ಮೇಲಕ್ಕೆ ಸರಿಸಿ ನೋಡಿದ. ಬೇರೆ ದಾರಿ ಇಲ್ಲದೆ ಹಿರಿಯ ಮಗ ಬೀಗತಿಯನ್ನು ಮಾತಾಡಿಸಿದ. ಮಳೆಯ ಮಾತು ತೀರಿತು, ಭತ್ತದ ಮಾತು ತೀರಿತು. ಕಡೆಗೆ ಹೋಳಿಗೆಯ ಹೂರಣಕ್ಕೆ ಏನು ಹಾಕಿದ್ದಿರಿ ಎಂದು ಕೇಳಿದ. ಬೀಗತಿ ಗಸಗಸೆ ಎಂದರು. ಒಂಬತ್ತನೆಯದನ್ನೂ ತಂದು ಕೊಟ್ಟರು.

ಐದು ಗಂಟೆಗೆ ಬಾಗಿಲು ತೆರೆಯಿತು. ಸೊಸೆಯ ಹಣೆಯೆಲ್ಲ ಬೆವರು. ಎಲ್ಲರೂ ಮೊರದ ಕಡೆ ಓಡಿದರು. ಅವಳು ನನ್ನ ಹತ್ತಿರ ಬಂದು, "ಒಂದು ಲೆಕ್ಕ ತಪ್ಪೇತ್ರೀ ಅತ್ತಿ. ಉಳಿದಿದ್ದು ಬರೋಬ್ಬರಿ" ಎಂದಳು. ಸಂಜೆ ಲೈನಿನವನು ಬಂದು ಹದಿನಾರನ್ನು ನೂರು ಮಾಡಿ ಹೋದ. ಅವಳು ಯಲಬುರ್ಗಾದಲ್ಲಿದ್ದಾಗ ಕೆಲಸ ಸಿಕ್ಕ ಸುದ್ದಿ ಬಂತು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನಿಮ್ಮ ದೊಡ್ಡಪ್ಪ ಪೇಡೆ ಕೊಟ್ಟು, "ನಮ್ಮ ವೈಫೈದಾಗ ಆತ್ರಿ" ಎಂದ.

ಈಗ ಅವಳು ಕೂಸಿನ ಜೊತೆ ನಮ್ಮಲ್ಲೇ ಇದ್ದಾಳೆ, ದಿನಾ ಸಂಜೆ ಬಾಗಿಲು ಹಾಕಿಕೊಂಡು ಪಾಠ ಹೇಳುತ್ತಾಳೆ. ಆ ಹೊತ್ತಿನಲ್ಲಿ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ನಾನು ಹೊಸ್ತಿಲಿಗೆ ಬಂದು, "ಫೋನ್ ಬಂದ್ ಮಾಡಿ ಒಳಗ ಬರ್ರಿ, ಪಾಠ ನಡದೈತಿ" ಎನ್ನುತ್ತೇನೆ. ಮೊನ್ನೆ ಹಿರಿಯ ಮಗನ ಜೊತೆ ಬಂದ ದೊಡ್ಡ ಕಚೇರಿಯ ಸಾಹೇಬರೊಬ್ಬರೂ ಬಂದ್ ಮಾಡಿದರು. ಡಬ್ಬಿಯಲ್ಲಿ ಈಗ ನೂರು ಜಾಗ ಇದೆ, ಬಂದ್ ಮಾಡಿಸುವ ಅಗತ್ಯವಿಲ್ಲ ಎಂದು ಸೊಸೆ ನನಗೆ ಎರಡು ಸಲ ತಿಳಿಸಿ ಹೇಳಿದ್ದಾಳೆ. ನನಗೆ ಕೇಳಿಸಿಲ್ಲ.